ನಡುವಿನ ಕುರ್ಚಿ

ಹದಿನಾಕನೇ ಖೋಲಿಯೊಳಗ ಮೂರು ಕುರ್ಚಿ.
ಒಂದರ ಮ್ಯಾಲ ಗೋಡಬೋಲೆ ಡಾಕ್ಟರ ಮ್ಯಾಡಮ್ಮ,
ಇನ್ನೊಂದರ ಮ್ಯಾಲ ಕಾಲು ನೆಲಕ್ಕ ಎಟುಕದ ರೇವಣ್ಯಾ,
ನಡುವಿಂದರ ಮ್ಯಾಲ ನಾನು,
ಕಸಬರಿಗಿ ಹೊರಗ ಬಾಗಲಿಗೆ ಆನಿಸಿ ಬಂದೀನಿ.

ದವಾಖಾನ್ಯಾಗ ನನಗ ಹೆಸರಿಲ್ಲ, ಎಲ್ಲಾರಿಗೂ ಮಾವಶಿ.
ಮೈಂದರ್ಗಿ ಕನ್ನಡ, ಸೊಲ್ಲಾಪುರದ ಮರಾಠಿ
ಎರಡೂ ಬರತಾವಂತ ಗೊತ್ತಾದಾಗಿಂದ
ಗುರುವಾರಕ್ಕೊಮ್ಮೆ ಈ ಕುರ್ಚಿ ನಂದು.
"ಹುಡುಗ ಅಂದಷ್ಟ ಹೇಳ್ರಿ ಮಾವಶಿ,
ಹೆಚ್ಚಿಲ್ಲ, ಕಡಿಮಿಲ್ಲ. ನಡುವ ಸಮಾಧಾನ ಮಾಡಬ್ಯಾಡ್ರಿ."
ಆತ್ರೀ ಅಂದೆ.
ಹಾಲು ಅಳದಂಗ ಮಾತು ಅಳದರಾತು, ಅದೇನು ಮಹಾ.

ಮೂರು ಗುರುವಾರ ಅಳಿಯಾಕ ಏನೂ ಇರಲಿಲ್ಲ.
ಉಸುಕಿನ ಡಬ್ಬಿಯೊಳಗ ಅಂವಾ ಕೆಂಪು ಎಸ್ಟಿ ಬಸ್ಸು ಓಡಿಸಿದ.
ಅಂಚಿಗೆ ಒಯ್ದು ತಿರುಗಿಸಿದ,
ಮತ್ತ ಅಂಚಿಗೆ ಒಯ್ದು ತಿರುಗಿಸಿದ,
ಎಲ್ಲೂ ನಿಲ್ಲಿಸಲಿಲ್ಲ.
ಮ್ಯಾಡಮ್ಮ ಸುಮ್ಮನ ನೋಡಿದ್ರು.
ಇದಕ್ಕ ಪಗಾರ ಕೊಡತಾರೇನು ಅಂತ ನಾನೂ ನೋಡಿದೆ.

ಹೊರಗ ಬಾಕಿನ ಮ್ಯಾಲ ಅವನ ಆಯಿ ಚಂದ್ರವ್ವ
ಚೀಟಿ ಹಿಡಕೊಂಡು ಕುಂತವರಿಗೆಲ್ಲಾ ಹೇಳತಿದ್ಲು:
ಏಳು ವರ್ಸಿನ ಗಂಡುಮಗ ರಾತ್ರಿ ಹಾಸಗಿ ತೋಯಿಸತಾನ,
ಅಪ್ಪ ಮಗ್ಗಕ್ಕ ಹೊಂಟ್ರ ಅಂಗಿ ಹರಿಯೂಹಂಗ ಜಗ್ಗತಾನ.
ತಾಯಿತ ಕಟ್ಟೀನಿ. ಹರಕಿ ಹೊತ್ತೀನಿ.
ಅವ್ವ ಎಲ್ಲಿ ಅಂದ್ರ ಊರಿಗೆ ಹೋಗ್ಯಾಳ ಅಂದೀನಿ,
ಸಣ್ಣ ಕೂಸಿಗೆ ಮತ್ತೇನು ಹೇಳಬೇಕವ್ವಾ?

ನಾಕನೇ ಗುರುವಾರ, ಹನ್ನೊಂದೂವರಿ.
ಫೋನು ಬಂತಂತ ಮ್ಯಾಡಮ್ಮ ಎದ್ದು
"ಯೇತೇ ಹಂ" ಅಂದ್ರು.
ನಾನು ಅಳತಿ ತಪ್ಪದಂಗ ಕನ್ನಡಕ್ಕ ತಂದೆ:
"ಬರ್ತೀನಿ ಅಂತಾರಪಾ."
ಬಸ್ಸು ನಿಂತಿತು.
ಹುಡುಗ ಮೇಜಿನ ಕೆಳಗ,
ಎರಡೂ ಕಿವಿ ಮುಚ್ಚಿ, ಗ್ವಾಡಿಗೆ ಬೆನ್ನು ಹಚ್ಚಿ:
"ಅನಬ್ಯಾಡ. ಅದ ಅನಬ್ಯಾಡ.
ಅವ್ವನೂ ಅದನ ಅಂದಿದ್ಲು."

ಮರಾಠಿಗೆ ದಾಟಸಾಕ ಬಾಯಿ ತಗದೆ,
ಎದಿಯೊಳಗ ಏನೋ ಅಡ್ಡ ಬಂತು.
ಹೊಸ್ತಿಲಾ ದಾಟೂಮುಂದ ಹೋಗ್ತೀನಿ ಅನಬಾರದು,
ನಮ್ಮವ್ವ ಬಾಯಿಮ್ಯಾಲ ಹೊಡದು ಕಲಿಸಿದ್ದು.
ಮರಾಠ್ಯಾಗೂ ಹಂಗ, ಜಾತೇ ಅಂದ್ರ ಅಪಶಕುನ.
ಎರಡು ಭಾಷಾದಾಗೂ ಹೋಗೂದಕ್ಕ ಶಬ್ದಿಲ್ಲ,
ಬರೂದೊಂದ ಅದ.
ಆ ತಾಯಿ ಸುಳ್ಳು ಹೇಳಲಿಲ್ಲ.
ಸ್ಟ್ರೆಚರಿನ ಮ್ಯಾಲ ಮಲಗಿದಾಕಿಗೆ
ನಾವ್ಯಾರೂ ಬ್ಯಾರೆ ಮಾತು ಕೊಟ್ಟಿರಲಿಲ್ಲ.

ಹೇಳಿದೆ. ಹೆಚ್ಚಿಲ್ಲ, ಕಡಿಮಿಲ್ಲ.
ಮ್ಯಾಡಮ್ಮ ಫೋನು ಬಂದ್ ಮಾಡಿ ನೆಲಕ್ಕ ಕುಂತ್ರು,
ಸೀರಿ ಉಸುಕಾತು, ಜಾಡಿಸಲಿಲ್ಲ.
ಆಯಿನ್ನ ಒಳಗ ಕರದ್ರು.
ಖರೇ ಮಾತು ಆಕಿ ಬಾಯಿಂದ ಬರೂತನಕ
ಗ್ವಾಡಿ ಗಡಿಯಾರ ನೋಡಕೋತ ಕುಂತೆ,
ಹನ್ನೆರಡಾತು, ಸವ್ವಾ ಹನ್ನೆರಡಾತು.
"ನಿಮ್ಮವ್ವ ಸತ್ತಾಳ ರೇವಣ್ಯಾ. ಊರಾಗಿಲ್ಲ."
"ನನಗ ಗೊತ್ತಿತ್ತು" ಅಂದ ಹುಡುಗ.
ಅದನ್ನೂ ದಾಟಿಸಿದೆ.
ಆಮ್ಯಾಲ ಅಂವಾ ಅತ್ತ,
ಅದಕ್ಕ ನನ್ನ ಕೆಲಸ ಬೀಳಲಿಲ್ಲ.

ಈಗ ಹೊಂಡೂಮುಂದ ಮ್ಯಾಡಮ್ಮ ಯೇತೇ ಅನ್ನಾಂಗಿಲ್ಲ.
ಕ್ಯಾಲೆಂಡರಿನ್ಯಾಗ ಮುಂದಿನ ಗುರುವಾರಕ್ಕ
ಅವನ ಕೈಲೇ ಹಸರ ಗೆರಿ ಹೊಡಸತಾರ.
"ಹನ್ನೊಂದಕ್ಕ. ಇದ ಕುರ್ಚಿ ಮ್ಯಾಲ. ರಜಾ ಇದ್ರ ಮೊದಲ ಹೇಳತೀನಿ."
ಅವನಪ್ಪಗೂ ಅದನ್ನ ಕಲಿಸ್ಯಾರ:
ಪಾಳಿ ಎಷ್ಟಕ್ಕ ಮುಗಿತದ, ಎಷ್ಟು ಟಾವೆಲ್ ಇಳೀತಾವ,
ಯಾವ ಓಣಿ ಹಾದು ಮನಿಗೆ ಬರೂದು.
ಹಾಸಗಿ ಇನ್ನೂ ತೊಯ್ತದಂತ. ದಿನಾ ಅಲ್ಲ.

ನಿನ್ನೆ ಉಸುಕಿನೊಳಗ
ಸೀಮಿಸುಣ್ಣದ ತುಂಡು ನೆಟ್ಟು ಒಂದು ಸ್ಟಾಪ್ ಮಾಡಿದ.
ಬಸ್ಸು ನಿಂತಿತು. ಯಾರೂ ಇಳೀಲಿಲ್ಲ.
ಇಷ್ಟೊತ್ತು ಕಾದು, ಮುಂದ ಹ್ವಾತು.

ಬಾಗಲಾಗ ತಿರುಗಿ ನಿಂತು ಅಂದ:
"ಮಾವಶಿ, ನಾ ಹೋಗ್ತೀನಿ."
ಆಯಿ ಕೈ ಎತ್ತಿದ್ಲು, ಬಾಯಿಮ್ಯಾಲ ಹೊಡ್ಯಾಕ.
ನಾ ಆ ಕೈ ಹಿಡದೆ.
"ಕಾಯ್ ಮ್ಹಣಾಲಾ?" ಮ್ಯಾಡಮ್ಮ ಕೇಳಿದ್ರು.
ಇದ್ದದ್ದು ಇದ್ದಂಗ ಹೇಳಿದೆ: "ಜಾತೋ."

ಹೋಗಪಾ, ಅಂದೆ ಹುಡುಗಗ.
ಹೋಗಿ ಬಾ ಅನ್ನೂದು ನಾಲಗಿ ತುದಿಗಿತ್ತು,
ಹಸರ ಗೆರಿ ನೋಡಿ ನುಂಗಿದೆ.